ಬೀಗಿತ್ತಿಯ ಕಂದು ನೀರು

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಬೀಗಿತ್ತಿ ಸೂರತ್ತಿನಿಂದ ವಡೋದರಾಕ್ಕೆ, ನಮ್ಮ ಮನೆಯಲ್ಲಿ ಇರಲಿಕ್ಕೆಂದೇ ಬಂದ ದಿನ ನಾನು ಮೊದಲು ನೋಡಿದ್ದು ಅವಳ ಬೆರಳುಗಳನ್ನು. ಬಲಗೈಯ ಐದೂ ಬೆರಳು ಎರಡನೇ ಗೆಣ್ಣಿನವರೆಗೆ ಕಂದಾಗಿದ್ದವು, ಚಹಾದ ಗಸಿಯಲ್ಲಿ ಅದ್ದಿ ತೆಗೆದ ಹಾಗೆ. ಉಗುರಿನ ಸಂದಿಯಂತೂ ಕಪ್ಪು. ತಂಬಾಕು ತಿಕ್ಕುವ ಹೆಂಗಸು ಅಂದುಕೊಂಡೆ. ಮನಸ್ಸಿಗೆ ಸ್ವಲ್ಪ ಹಿತವಾಯಿತು. ಬಂದ ದಿನವೇ ಒಂದು ಕುಂದು ಸಿಕ್ಕಿತ್ತಲ್ಲ.

ತಂಬಾಕಲ್ಲ, ಎಲೆಯ ರಸ ಅಂತ ಆಮೇಲೆ ಗೊತ್ತಾಯಿತು.

ನನ್ನ ಮಗ ಗುಜರಾತಿ ಹುಡುಗಿಯನ್ನು ಮದುವೆಯಾಗಿದ್ದಾನೆ. ಆ ಸೊಸೆಯ ತಾಯಿ ಇವಳು. ನಾನು ಅವಳನ್ನು ಬೀಗಿತ್ತಿ ಅನ್ನುತ್ತಿದ್ದೆ, ಅವಳು ನನ್ನನ್ನು ವೇವಾಣ್ ಅನ್ನುತ್ತಿದ್ದಳು, ಎರಡೂ ಒಂದೇ. ಅವಳ ಗಂಡ ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ದುಡಿದು ತೀರಿಕೊಂಡಿದ್ದ. ಮೊಣಕಾಲು ಹಿಡಿದುಕೊಂಡು ಒಬ್ಬಳೇ ಇದ್ದಾಳೆಂದು ಮಗಳು ಕರೆದುಕೊಂಡು ಬಂದಳು. ಕರೆದುಕೊಂಡು ಬರಲಿ, ನಾನೇನೂ ಅನ್ನಲಿಲ್ಲ. ಆದರೆ ಟೆಂಪೋದಲ್ಲಿ ಸೀರೆಯ ಗಂಟಿನ ಜೊತೆಗೆ ಆಳುದ್ದದ ಗಾಜಿನ ತೊಟ್ಟಿಯೂ ಬಂತು. ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೂಸನ್ನು ಹಿಡಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ನಾವು ಮೀನು ತಿನ್ನುವವರಲ್ಲ. ಅವಳೂ ತಿನ್ನುವವಳಲ್ಲ. ಉಳ್ಳಾಗಡ್ಡಿಯನ್ನೂ ಮುಟ್ಟುತ್ತಿರಲಿಲ್ಲ. ಸಾಕುವುದು ಮಾತ್ರ ಮೀನು. ಬೆರಳುಗುರಿನಷ್ಟು ಉದ್ದದ, ನೀಲಿ ಗೆರೆ, ಕೆಂಪು ಬಾಲದ ಸಣ್ಣ ಮೀನುಗಳು. ದಿನಾ ಬೆಳಿಗ್ಗೆ ಅವುಗಳನ್ನು ಸೂರತ್ತಿನ ಬೈಗುಳದಿಂದ ಎಬ್ಬಿಸುತ್ತಿದ್ದಳು. "ಖಾ ನೆ, ಸಾಲಾ ಹರಾಮೀ!" ತಿನ್ನೋ ಅಂತ ಮುದ್ದು ಮಾಡುವುದು ಅದು. ನನ್ನ ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಆ ಮೊಮ್ಮಗಳ ಮಾತೇ ಇಲ್ಲಿ ಮುಖ್ಯ. ಹೆತ್ತ ಮೂರು ತಿಂಗಳಿಗೆ ಸೊಸೆ ಆಫೀಸಿಗೆ ಹೋದಳು. ಎರೆದವಳು ನಾನು, ಉಣಿಸಿದವಳು ನಾನು. ಇಡೀ ಸೊಸೈಟಿಯಲ್ಲಿ ಧಾರವಾಡದ ಕನ್ನಡ ಆಡುವ ಕೂಸು ಅದೊಂದೇ. "ಅಜ್ಜಿ, ನಂಗ ಹಸಿವಿ ಆಗೇತಿ" ಅನ್ನುತ್ತಿತ್ತು. ಗಂಡ ಸತ್ತ ಮೇಲೆ ಈ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೇ. ಬೀಗಿತ್ತಿ ಬಂದು ತೊಟ್ಟಿ ಇಟ್ಟಳು. ಹುಡುಗಿ ಅದರ ಮುಂದೆ ಕೂತಳು. ಮತ್ತೆ ಏಳಲಿಲ್ಲ.

ನಮ್ಮ ಬೋರ್‌ವೆಲ್ ನೀರು ಅವಳಿಗೆ ಸರಿಬರಲಿಲ್ಲ. ನಾಲಿಗೆಗೆ ಒಂದು ಹನಿ ಇಟ್ಟು ನೋಡಿ, "ಪಾಣಿ ಕಡಕ್ ಛೇ, ವೇವಾಣ್" ಅಂದಳು. ನೀರೇ ಬಿಗಿಯಂತೆ. ನಮ್ಮ ಬಕೆಟ್ಟಿನ ಅಂಚಿಗೆ ಹಿಡಿದಿದ್ದ ಬಿಳಿ ಕರೆಯನ್ನು ಕೆರೆದು ತೋರಿಸಿದಳು. ಆಗ ನಾಲ್ಕನೇ ಇಯತ್ತೆಯಲ್ಲಿದ್ದ ಮೊಮ್ಮಗಳು ನೀರಿನ ಹುಳಿ ಅಳೆಯುವುದಕ್ಕೆ ಪಿ.ಎಚ್. ಅನ್ನುತ್ತಿದ್ದಳು. ಕಾಗದದ ಪಟ್ಟಿ ಅದ್ದಿದರೆ ನೀಲಿ ಬಂತು. ನೀಲಿ ಬಂದರೆ ಪಿ.ಎಚ್. ಜಾಸ್ತಿ, ಹುಳಿ ಕಡಿಮೆ, ಹಸಿರು ದಾಟಿ ಹಳದಿಯ ಕಡೆ ಇಳಿಯಬೇಕಂತೆ. ಅಂಗಡಿಯ ಔಷಧಿ ತರುತ್ತೇನೆ ಅಂತ ಮಗ ಅಂದರೆ ಬೀಗಿತ್ತಿ ಕೈ ಅಡ್ಡ ಹಿಡಿದಳು. ಔಷಧಿ ಒಂದೇ ದಿನಕ್ಕೆ ಇಳಿಸುತ್ತದೆ, ಮೀನೂ ಒಂದೇ ದಿನಕ್ಕೆ ಹೋಗುತ್ತದೆ ಅಂದಳು.

ಅವಳ ದಾರಿ ಬೇರೆ. ನಮ್ಮ ಕಾಂಪೌಂಡಿನಲ್ಲಿ ಒಂದು ಕಾಡುಬಾದಾಮಿ ಮರ ಇದೆ. ಮೊಣಕಾಲು ನೋವಿನಲ್ಲೂ ಲಿಫ್ಟ್ ಇಳಿದು ಹೋಗಿ, ತಾನಾಗಿ ಉದುರಿದ ಕೆಂಪೆಲೆಗಳನ್ನು ಆರಿಸಿ ತರುತ್ತಿದ್ದಳು. ಹಸಿರೆಲೆಯನ್ನು ಮುಟ್ಟುತ್ತಿರಲಿಲ್ಲ. ತೊಳೆದು, ನೆರಳಿಗೆ ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ತೊಟ್ಟಿಗೆ ಬಿಡುತ್ತಿದ್ದಳು. ನೀರು ಕಂದಾಗುತ್ತಿತ್ತು. ಬಿಗಿ ನೀರಿಗೆ ಅಡಿಗೆಮನೆಯ ಫಿಲ್ಟರ್ ನೀರನ್ನೂ ಬೆರೆಸುತ್ತಿದ್ದಳು. ಕುಡಿಯುವ ನೀರನ್ನು! ಇದರ ಮೇಲೆ ಸೂರತ್ತಿನ ತಾಪಿ ನದಿಯ ದಂಡೆಯಲ್ಲಿ ಸಿಕ್ಕಿದ್ದ ಒಂದು ಮರದ ಬೊಡ್ಡೆ. ಅದೂ ಹುಳಿ ಬಿಡುತ್ತದಂತೆ. ಬರುವ ದಾರಿಯಲ್ಲಿ ಒಣಗಿದ್ದರಿಂದ ತೇಲುತ್ತಿತ್ತು, ಕುದಿಸಿದರೆ ಮುಳುಗುತ್ತದೆ ಅಂತ ನನ್ನ ದೊಡ್ಡ ತಪ್ಪಲೆಯನ್ನು ಕೇಳಿದಳು. ಹೋಳಿಗೆಯ ಕಟ್ಟು ಕುದಿಸುವ ತಪ್ಪಲೆ ಅದು.

"ಅದ್ರಾಗ ಸಾರು ಕುದಸ್ತೇನಿ. ಮೀನಿನ ಕಟಗಿ ಅಲ್ಲ" ಅಂದೆ.

ಮಗ ಗುಜರಾತಿಯಲ್ಲಿ ಏನೋ ನಯವಾಗಿ ಹೇಳಿದ. ಬೀಗಿತ್ತಿ ತಲೆದೂಗಿ, ಸ್ನಾನದ ಬಕೆಟ್ಟಿನಲ್ಲಿ ಬಿಸಿನೀರು ಹೊಯ್ದು ಹೊಯ್ದು ಬೊಡ್ಡೆಯನ್ನು ಮುಳುಗಿಸಿದಳು. ಬೇಸರ ಮಾಡಿಕೊಳ್ಳಲಿಲ್ಲ. ಅದೂ ನನಗೆ ಸೇರಲಿಲ್ಲ.

ಯಾಕೆ ಇಷ್ಟು ಒದ್ದಾಟ ಅಂತ ಒಮ್ಮೆ ಕೇಳಿದೆ. ಅವಳ ಗಂಡ ಹೇಳುತ್ತಿದ್ದನಂತೆ, ಬಟ್ಟೆಗೆ ಬಣ್ಣ ಹಿಡಿಯದಿದ್ದರೆ ಬಣ್ಣವನ್ನು ಬೈಯಬೇಡ, ಮೊದಲು ನೀರು ನೋಡು ಅಂತ. "ಅವನು ಹೋದ, ಆ ಮಾತು ಉಳೀತು" ಅಂದಳು. ನನ್ನ ಗಂಡ ರೈಲ್ವೆಯಲ್ಲಿ ಜನ್ಮ ಸವೆಸಿದ. ನೆನಪಿಡುವಂಥ ಒಂದು ಮಾತೂ ಆಡಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ದಿವಾಳಿ ಬಂತು. ದಿವಾಳಿಗೆ ಮುಂಚೆ ಗುಜರಾತಿಗಳ ಮನೆಯಲ್ಲಿ ಸಫಾಯಿ ನಡೆಯುತ್ತದೆ, ಅದನ್ನು ನೋಡಬೇಕು. ಫ್ಯಾನಿನ ರೆಕ್ಕೆ, ಡಬ್ಬಿಯ ಮುಚ್ಚಳ, ಗೋಡೆಯ ಮೊಳೆ, ಏನನ್ನೂ ಬಿಡುವುದಿಲ್ಲ. ಬೀಗಿತ್ತಿ ಯಾವುದೋ ಮದುವೆಗೆಂದು ಸೂರತ್ತಿಗೆ ಹೋಗಿದ್ದಳು. ಮನೆಯೆಲ್ಲ ಹೊಳೆಯುವಾಗ ಈ ಕಂದು ನೀರೊಂದು ಸೊಸೆಯ ಕಣ್ಣಿಗೆ ಚುಚ್ಚಿತು. ಅಮ್ಮನಿಗೆ ಖುಷಿಯಾಗಲಿ ಅಂತ ಎಲೆ, ಬೊಡ್ಡೆ ತೆಗೆದು, ಗಾಜು ತಿಕ್ಕಿ, ನಲ್ಲಿಯ ನೀರು ತುಂಬಿದಳು. ಅಡಿಯಲ್ಲಿ ಅಲ್ಕಾಪುರಿ ಪೇಟೆಯಿಂದ ತಂದ ಬಿಳಿ ಅಮೃತಶಿಲೆಯ ಚೂರು, ಸಮುದ್ರದ ಚಿಪ್ಪು. ದೇವರ ಮಂಟಪದ ಹಾಗೆ ಕಾಣುತ್ತಿತ್ತು. "ಈಗ ಛಂದ ಆತು ನೋಡವಾ" ಅಂತ ನಾನೂ ಅಂದೆ.

ಮರುದಿನ ಸೂರತ್ತಿನಿಂದ ಬಂದ ಬೀಗಿತ್ತಿ ಬಾಗಿಲಲ್ಲೇ ನಿಂತು ನೋಡಿದಳು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀಲಿ ಗೆರೆ ಮಾಸಿತ್ತು. ಕೆಲವು ಆಗಲೇ ಮಗ್ಗುಲಾಗಿದ್ದವು. ಮಗಳನ್ನು ಬೈಯುತ್ತಾಳೆ, ಒಂದು ಜಗಳ ನೋಡೋಣ ಅಂತ ನಾನು ಕೂತಿದ್ದೆ. ಅವಳು ಚಪ್ಪಲಿ ಬಿಟ್ಟವಳೇ ತೋಳು ಏರಿಸಿ ಕೈ ಮುಳುಗಿಸಿ, ಚಿಪ್ಪನ್ನೂ ಕಲ್ಲನ್ನೂ ತೆಗೆದು ಹೊರಗಿಟ್ಟಳು. ಚಿಪ್ಪೆಂದರೆ ಸುಣ್ಣ, ನೀರನ್ನು ಇನ್ನೂ ಬಿಗಿ ಮಾಡುತ್ತದೆ ಅಂದಳು. ಅಷ್ಟೇ.

ಸೊಸೆ ಅಳತೊಡಗಿದಳು. ಮೊಮ್ಮಗಳು ಲಿಂಬೆಹಣ್ಣು ಹಿಡಿದುಕೊಂಡು ಓಡಿ ಬಂದಳು, ಹಿಂಡಿ ಬಿಡೋಣ ಅಂತ.

"ಹುಳಿ ಬೇಕಂದ್ರ ಹುಣಸಿಹಣ್ಣು ಐತಲ್ಲ, ಕಿವುಚಿ ಹಾಕ್ರಿ" ಅಂದೆ ನಾನು. ಸಹಾಯಕ್ಕೇ ಅಂದದ್ದು.

ಬೀಗಿತ್ತಿ ನೀರಿನಿಂದ ಕೈ ತೆಗೆಯದೆ, "ವೇವಾಣ್, ಆ ಸಾಂಭಾರ್ ನಥೀ" ಅಂದಳು. ಇದು ಸಾಂಬಾರಲ್ಲ. ಅಳುತ್ತಿದ್ದ ಸೊಸೆ ಕೂಡ ಫಕ್ಕನೆ ನಕ್ಕಳು. ಮೊಮ್ಮಗಳು ನನ್ನ ಕಡೆ ತಿರುಗಿ, "ದಾದಿ, ತಮೇ ರೆಹವಾ ದೋ ನೆ" ಅಂದಳು. ನೀವು ಸುಮ್ಮನಿರಿ ಅಂತ. ಅಜ್ಜಿ ಅಲ್ಲ, ದಾದಿ! ಬೀಗಿತ್ತಿ ನಾನಿ, ನಾನು ದಾದಿ. ನಾನು ತಿದ್ದಿ ಬೆಳೆಸಿದ ನಾಲಿಗೆ ಅದು. ಎದ್ದು ಒಳಗೆ ಹೋಗಿ ಹುರುಳಿಕಾಯಿ ಮುರಿದೆ. ಬೇಕಾಗಿರಲಿಲ್ಲ, ಆದರೂ ಮುರಿದೆ.

ಆಮೇಲೆ ಎಷ್ಟೋ ದಿನ ಅವರಿಬ್ಬರದೇ ಲೋಕ. ದಿನಕ್ಕೆ ಒಂದು ತಂಬಿಗೆ ನೀರು ತೆಗೆಯುವುದು, ಒಂದು ತಂಬಿಗೆ ಎಲೆಯ ನೀರು ಬೆರೆಸುವುದು. ಹುಡುಗಿ ಅವಸರ ಮಾಡಿದರೆ ಬೀಗಿತ್ತಿ, "ಧೀಮೇ ಧೀಮೇ. ನೀರು ಬದಲಾದದ್ದು ಮೀನಿಗೆ ತಿಳಿಯಬಾರದು" ಅನ್ನುತ್ತಿದ್ದಳು. ಬದುಕುವಷ್ಟು ಬದುಕಿದವು. ಗೆರೆ ಮತ್ತೆ ನೀಲಿಯಾಯಿತು. ಹುಡುಗಿಯ ಬೆರಳೂ ಕಂದಾಗಿತ್ತು. ಉಣಿಸುವಾಗ ಆ ಬೆರಳು ನೋಡಿದರೆ ನನಗೆ ತುತ್ತು ಕಲಸಲೂ ಮನಸ್ಸಾಗುತ್ತಿರಲಿಲ್ಲ.

ವರ್ಷಗಳು ಹೀಗೇ ಹೋದವು. ಹೋದ ಚಳಿಗಾಲದಲ್ಲಿ ಬೀಗಿತ್ತಿಗೆ ಉಸಿರು ಹಿಡಿಯತೊಡಗಿತು. ಮಂಚವನ್ನು ತೊಟ್ಟಿಯ ಹತ್ತಿರ ಹಾಕಿದರು. ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಕೈ ಮಾಡಿ ಕರೆದಳು. ಅವಳು ಅಂದದ್ದು ಅವಳ ಭಾಷೆಯಲ್ಲಿ. ಅಷ್ಟು ಹೊತ್ತಿಗೆ ಅದು ನನಗೆ ಪೂರಾ ತಿಳಿಯುತ್ತಿತ್ತು.

"ವೇವಾಣ್, ನಾನು ಹೋದ ಮೇಲೆ ಇವನ್ನ ನೀನು ನೋಡ್ಕೊ."

"ನಾ ಯಾಕ? ಹುಡುಗಿ ಅದಾಳ, ನಿನ್ನ ಮಗಳು ಅದಾಳ."

"ಹುಡುಗಿ ಪರೀಕ್ಷೆ ಬಂದ್ರೆ ಮರೀತಾಳೆ. ಮಗಳು ದಿವಾಳಿ ಬಂದ್ರೆ ತೊಳೀತಾಳೆ." ಕೆಮ್ಮಿದಳು, ನಕ್ಕಳು. "ನಿನಗೆ ನನ್ನ ಮೇಲೆ ಉರಿ. ಮೊದಲ ದಿನದಿಂದ ನೋಡ್ತಾ ಇದೀನಿ. ನಾನಿ ಕೈಯಲ್ಲಿ ಬದುಕಿದ್ದು ದಾದಿ ಕೈಯಲ್ಲಿ ಸತ್ತಿತು ಅಂತ ಯಾರಾದ್ರೂ ಅಂದ್ರೆ ನೀನು ತಡ್ಕೊಳ್ಳಲ್ಲ. ಅದಕ್ಕೇ ನಿನಗೆ ಕೊಡ್ತೀನಿ."

ಹೆತ್ತ ತಾಯಿ, ಕಟ್ಟಿಕೊಂಡ ಗಂಡ, ಹುಟ್ಟಿದ ಮಗ, ಯಾರೂ ನನ್ನನ್ನು ಅಷ್ಟು ಚೆನ್ನಾಗಿ ನೋಡಿರಲಿಲ್ಲ. ನೋಡಿದ್ದರೂ ನಂಬಿರಲಿಲ್ಲ. ಇವಳು ನೋಡಿಯೂ ನಂಬಿದಳು.

"ನಿನ್ನ ಮೀನು ನಿನ್ನ ಸಂಗಡ ಒಯ್ಯಿ" ಅಂದು ಎದ್ದು ಬಂದೆ.

ಬಾದಾಮಿ ಮರ ಕೆಂಪಾಗಿ ಉದುರುವ ಹೊತ್ತಿಗೆ ಹೋದಳು. ಬೆಸಣು ಅಂತ ಮಾಡುತ್ತಾರೆ ಇಲ್ಲಿ, ಸತ್ತವರ ಮನೆಯವರನ್ನು ಕಂಡು ಕೂತು ಹೋಗುವುದು. ಸೂರತ್ತಿನಿಂದ ಬಸ್ಸು ಮಾಡಿಕೊಂಡು ಬಂದರು. ಹಾಲಿನಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆ ಬಿಳಿ ಸೀರೆಗಳು. ನಾನು ಸತ್ತರೆ ಧಾರವಾಡದಿಂದ ಇಷ್ಟು ದೂರ ಯಾರು ಬರುತ್ತಾರೆ ಅಂತ ಯೋಚಿಸುತ್ತಾ ಕೂತೆ. ಮೊಮ್ಮಗಳು ತೊಟ್ಟಿಯ ಗಾಜಿಗೆ ಹಣೆ ಆನಿಸಿಕೊಂಡು ಅಳುತ್ತಿದ್ದಳು. ನೀರು ಆಗಲೇ ತಿಳಿಯಾಗತೊಡಗಿತ್ತು. ಆ ಗದ್ದಲದಲ್ಲಿ ಎಲೆ ಹಾಕುವವರು ಯಾರೂ ಇರಲಿಲ್ಲ. ಪಟ್ಟಿ ಅದ್ದಿ ನೋಡಿದ ಹುಡುಗಿ ಅದನ್ನು ನನ್ನ ಕಡೆ ಹಿಡಿದಳು. ನೀಲಿ.

"ಅಜ್ಜಿ," ಅಂದಳು, "ಈಗ ಯಾರು ಮಾಡ್ತಾರ?"

ಆ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ, ಗುಡಿಸುವವಳು ಎಲೆಗಳನ್ನು ಗುಡ್ಡೆ ಹಾಕುವ ಮುಂಚೆ, ಹೂವಿನ ಬುಟ್ಟಿ ಹಿಡಿದು ಕೆಳಗೆ ಇಳಿದೆ. ವಾಚ್‌ಮನ್ ನೋಡಿ, "ಮಾಜೀ, ಆಜ್ ಫೂಲ್ ನಹೀಂ, ಪತ್ತೇ?" ಅಂದ. ಇವತ್ತು ಹೂವಲ್ಲ, ಎಲೆಯಾ ಅಂತ. ನಿನ್ನ ಕೆಲಸ ನೋಡು ಅಂದೆ. ತೂತಿಲ್ಲದ, ಪೂರಾ ಕೆಂಪಾದ ಎಲೆಗಳನ್ನೇ ಆರಿಸಿದೆ. ಮೇಲೆ ಬಂದು ತೊಳೆದು ನೆರಳಿಗೆ ಹರವಿದೆ. ಅವಳು ಒಣಗಿಸಿಟ್ಟ ಹಳೆಯ ಎಲೆಯ ಕಟ್ಟು ಕಪಾಟಿನಲ್ಲಿ ಸಿಕ್ಕಿತು, ಒಂದೆರಡು ಎಲೆ ತೆಗೆದಿಟ್ಟು ಉಳಿದದ್ದನ್ನು ನನ್ನ ದೊಡ್ಡ ತಪ್ಪಲೆಗೆ ಹಾಕಿ ಒಲೆ ಹಚ್ಚಿದೆ. ನೀರು ಕಂದಾಗುವವರೆಗೆ ಅವಳ ಎಲೆ, ನನ್ನ ಎಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ತಂದ ಎಲೆಗಳು ಅವಳವಕ್ಕಿಂತ ದೊಡ್ಡವಿದ್ದವು.