‘ದಾತರು ಇಲ್ಲ’ ಎಂದು ಬರೆದವನು ನಾನು

ಅಫಜಲಪುರದ ರತ್ನಾ ಸತ್ತದ್ದು ನಾನು ಬರೆದ ಪ್ರೋಗ್ರಾಮಿನಿಂದ. ಅವಳಿಗೆ ಬೇಕಾದ ರಕ್ತ ಅದೇ ಊರಲ್ಲಿತ್ತು. ಪ್ರೋಗ್ರಾಂ ಇಲ್ಲ ಎಂದಿತು. ಆ ಪಾಪವನ್ನು ಶಾಂತಾಬಾಯಿ ಎಂಬವರ ತಲೆಗೆ ಕಟ್ಟಿದವನೂ ನಾನೇ. ಬರೆಯುತ್ತಿರುವ ಈ ಕೈಯನ್ನು ನೋಡಿದರೆ ನನಗೇ ಹೇಸಿಗೆ.

ತೊಂಬತ್ತರ ದಶಕದ ಕೊನೆ. ಗುಲಬರ್ಗಾದ ಸಣ್ಣ ಕಂಪ್ಯೂಟರ್ ಕಚೇರಿಯೊಂದರಲ್ಲಿ ನಾನು ಪ್ರೋಗ್ರಾಮರ್. ಒಂದು ಸೇವಾ ಸಂಸ್ಥೆಯವರು ರಕ್ತದಾನಿಗಳ ಹೆಸರು, ಊರು, ರಕ್ತದ ಗುಂಪುಗಳನ್ನು ಹಳೇ ಡೇಟಾಬೇಸಿನಲ್ಲಿ ಕೂಡಿಹಾಕಿದ್ದರು. ಆಳಂದ, ಅಫಜಲಪುರ, ಜೇವರ್ಗಿಯ ತಮ್ಮ ಕೇಂದ್ರಗಳಿಂದಲೂ ಇಂಟರ್ನೆಟ್ ಮೂಲಕ ಅದನ್ನು ನೋಡುವಂತಾಗಬೇಕು ಎಂಬುದು ಅವರ ಆಸೆ.

ನಾನು ಆ ಡೇಟಾಬೇಸಿನ ಹಳೇ ಪ್ರೋಗ್ರಾಮನ್ನು ಹಾಗೇ ಎತ್ತಿ ವೆಬ್ ಪುಟದ ಹಿಂದೆ ಕೂರಿಸಿದೆ. ಒಬ್ಬ ದಾನಿಯನ್ನು ಹುಡುಕಿದರೂ ಅದು ಎಲ್ಲ ತಾಲೂಕುಗಳ ಹೆಸರುಗಳನ್ನು ಮೊದಲಿನಿಂದ ಓದಿ, ಅಷ್ಟನ್ನೂ ಟೆಲಿಫೋನ್ ತಂತಿಯ ಮೇಲೆ ಎಳೆದು ತರುತ್ತಿತ್ತು. ಸರಿಯಾದ ದಾರಿ ನನಗೆ ಗೊತ್ತಿತ್ತು — ಗುಂಪು, ತಾಲೂಕಿನ ಪ್ರಕಾರ ಮಾಹಿತಿಯನ್ನು ಹೊಸದಾಗಿ ಜೋಡಿಸಿ, ಕೇಳಿದಷ್ಟನ್ನೇ ಕಳಿಸುವುದು. ಆದರೆ ಅದು ಬೇಸರದ ಕೆಲಸ, ಉದ್ಘಾಟನೆಯೋ ಮರುದಿನವೇ. ಉತ್ತರ ತಡವಾದರೆ ಹುಡುಕುವುದನ್ನು ನಿಲ್ಲಿಸಿ ‘ದಾತರು ಇಲ್ಲ’ ಎಂದು ತೋರಿಸಿಬಿಡು — ಹೀಗೆ ಬರೆದು ಮುಗಿಸಿದೆ.

ಉದ್ಘಾಟನೆಯ ವೇದಿಕೆಯ ಮೇಲೆ, ನಾನು ಮೊದಲೇ ಹುಡುಕಿ ತೆಗೆದಿಟ್ಟಿದ್ದ ಹೆಸರು ಥಟ್ಟನೆ ಬಂತು. ಚಪ್ಪಾಳೆ, ಶಾಲು, ಹಾರ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಆಮೇಲೆ —

ಅಫಜಲಪುರ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಶಾಂತಾಬಾಯಿ, ಜೇವರ್ಗಿ ಕಡೆಯ ಕೊಳಕೂರದವರು. ಅವರಿಗೆ ಕಲಿಸಿದ್ದೂ ನಾನೇ. ಹೆರಿಗೆಯಾದ ರತ್ನಾಳಿಗೆ ರಕ್ತಸ್ರಾವ ನಿಲ್ಲದೆ, ಬಿ ನೆಗೆಟಿವ್ ರಕ್ತ ಸಿಕ್ಕರೆ ಇಲ್ಲೇ ಕೊಡುತ್ತೇನೆ ಎಂದು ಡಾಕ್ಟರು ಹೇಳಿದಾಗ, ಗಂಡ ಭೀಮರಾಯ ಓಡಿಬಂದದ್ದು ಅವರ ಹತ್ತಿರ. ಅವರು ಹುಡುಕಿದರು. ‘ದಾತರು ಇಲ್ಲ.’ ಮತ್ತೆ ಹುಡುಕಿದರು. ಇಲ್ಲ. ಭೀಮರಾಯ ಹೆಂಡತಿಯನ್ನು ಜೀಪಿನಲ್ಲಿ ಸೊಲ್ಲಾಪುರಕ್ಕೆ ಹೊರಡಿಸಿದ. ದಾರಿಯಲ್ಲೇ ಅವಳು ತೀರಿಕೊಂಡಳು.

ಸುದ್ದಿ ಕೇಳಿ ಹೈಸ್ಕೂಲಿನ ಮಾಸ್ತರರೊಬ್ಬರು ಕೇಂದ್ರಕ್ಕೆ ಬಂದರು. “ನಂದೂ ಅದೇ ಗುಂಪೈತ್ರಿ. ಹೆಸರು ಕೊಟ್ಟೀನಿ. ದವಾಖಾನಿ ಹಿಂದಿನ ಓಣ್ಯಾಗ ಇರ್ತೇನಿ — ಯಾಕ ಕರೀಲಿಲ್ಲ?”

ಸಂಸ್ಥೆಯ ಕಾರ್ಯದರ್ಶಿ ನಮ್ಮಿಬ್ಬರನ್ನೂ ಕರೆಸಿದರು. ಶಾಂತಾಬಾಯಿ ನನ್ನ ಕಡೆ ತಿರುಗಿದರು. “ಸರ್, ನೀವರ ಹೇಳ್ರಿ. ನೀವು ಕಲಿಸಿದಂಗ ಒತ್ತೀನಿ. ಅದೇ ಇಲ್ಲ ಅಂತು.”

ನಾನು ಹೇಳಿದೆ: “ಮಶೀನ್ ಸುಳ್ಳು ಹೇಳಂಗಿಲ್ರಿ. ಇವರೇ ತಪ್ಪು ಒತ್ತಿರಬೇಕು.”

ಎಷ್ಟು ಸಲೀಸಾಗಿ ಹೇಳಿದೆ! ನಾಲಗೆ ತೊದಲಲಿಲ್ಲ. ನಾನು ಮುಂದಿದ್ದ ಚಹಾ ಕುಡಿದೆ — ಹೌದು, ಪೂರ್ತಿ ಕುಡಿದೆ.

ಅವರನ್ನು ಕೆಲಸದಿಂದ ತೆಗೆದರು. ‘ಬಾಣಂತಿ ಕೊಂದಾಕಿ’ ಎಂದು ಜನ ಆಡಿಕೊಳ್ಳತೊಡಗಿದಾಗ ಅವರು ಕೊಳಕೂರಿಗೆ ಮರಳಿದರು. ಇತ್ತ ನಾನು ಯಾರಿಗೂ ಹೇಳದೆ ಆ ಪ್ರೋಗ್ರಾಮನ್ನು ಸರಿಮಾಡಿದೆ. ಒಂದು ವಾರವೂ ಹಿಡಿಯಲಿಲ್ಲ. ಪುಟ ಈಗ ಎಷ್ಟು ಚುರುಕಾಗಿದೆ ಎಂದು ಅದಕ್ಕೂ ನನ್ನನ್ನೇ ಹೊಗಳಿದರು, ನಗುತ್ತ ಕೈಮುಗಿದೆ. ಥೂ!

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಕೊಳಕೂರಿಗೆ ಹೋದೆ. ಶಾಂತಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಎಲ್ಲ ಹೇಳಿದೆ. ಅವರು ಮೊರ ಕೆಳಗಿಡಲೂ ಇಲ್ಲ.

“ನನಗ ಯಾಕ ಹೇಳಾಕತ್ತೀರಿ? ನಾ ತಪ್ಪು ಒತ್ತಿಲ್ಲಂತ ನನಗ ಗೊತ್ತೈತಿ. ಭೀಮರಾಯಗ ಹೋಗಿ ಹೇಳ್ರಿ.”

ಅಫಜಲಪುರಕ್ಕೆ ಹೋದೆ. ಭೀಮರಾಯನ ತಲೆ ನರೆತಿದೆ. ಅವನಿಗೂ ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ — ಹೊಡೆದಿದ್ದರೆ... “ನಾ ಆ ಶಾಂತಾಬಾಯಿನ್ನ ನಡು ಬಜಾರದಾಗ ಬೈದಿದ್ದೆ,” ಎಂದ. “ಅಕಿ ಈಗ ಎಲ್ಲಿ ಇರ್ತಾಳ?”

“ಕೊಳಕೂರದಾಗ.”

ಹೆಗಲಿಗೆ ಟವೆಲ್ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿನ ಕಡೆ ಹೊರಟ. ನಾನೂ ಹಿಂದೆ ಹೆಜ್ಜೆ ಇಟ್ಟೆ. ಅವನು ತಿರುಗಿ ನೋಡಿದ.

“ನೀವು ಬರಬ್ಯಾಡ್ರಿ.”

ನಾನು ಹೋಗಲಿಲ್ಲ.