ಜವರಾಯನ ಕಣ್ಣು

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಸಿ, ಎರಡು ಸೇರು ಅವರೆಕಾಯಿ ಬಿಡಿಸಿ, ಒಣಗಿದ ಬಟ್ಟೆ ಮಡಿಸಿಟ್ಟೆ. ಆಮೇಲೆ ಹೂಕುಂಡಗಳಿಗೆ ಬಳಿಯೋಣವೆಂದು ಕೆಮ್ಮಣ್ಣು ಕಲಸಿದೆ. ಆ ಹಸಿಮಣ್ಣಿನ ವಾಸನೆಗೆ ಮಾದಿಹಳ್ಳಿಯ ನಮ್ಮ ನಡುಮನೆಯ ಗೋಡೆ ಎದುರಿಗೇ ಬಂದು ನಿಂತಂತಾಯಿತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಗೋಡೆ ಇದ್ದಿರಬಹುದು. ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಸೋದರತ್ತೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದವಳು, ಆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳುಪಿಗೆ ತೆಂಗಿನ ನಾರು ಅದ್ದಿ, ಒಂದು ಹಳೆಯ ಸಾವಿನ ಹಾಡನ್ನು ಚಿತ್ರವಾಗಿ ಬರೆಯುತ್ತಿದ್ದಳು. ಬಾಯಲ್ಲಿ ಹಾಡು, ಕೈಯಲ್ಲಿ ಗೆರೆ. ಹುಲಿಕೆರೆಯ ಕೊಳಕ್ಕೆ ನೀರಿಗೆ ಹೋದ ಸೊಸೆಯನ್ನು, ಮೆಟ್ಟಿಲ ಮೇಲೆ ದಾರಿಹೋಕನ ಹಾಗೆ ಕೂತಿದ್ದ ಜವರಾಯ ಹೆಸರು ಹಿಡಿದು ಕರೆಯುತ್ತಾನೆ. ಅವಳು ಓಗೊಟ್ಟು ಅವನ ಹಿಂದೆ ಹೋಗುತ್ತಾಳೆ. ತುಂಬಿದ ಕೊಡ ಮಾತ್ರ ಮೆಟ್ಟಿಲಲ್ಲೇ ಉಳಿಯುತ್ತದೆ. ಎಲ್ಲ ಗೊಂಬೆಗಳಿಗೂ ಕೊನೆಗೆ ಕಣ್ಣಿಡುವ ಅತ್ತೆ ಜವರಾಯನಿಗೆ ಮಾತ್ರ ಇಡುತ್ತಿರಲಿಲ್ಲ. ಇಟ್ಟರೆ ಮನೆಯವರನ್ನು ನೋಡುತ್ತಾನಂತೆ.

ನನಗಾಗ ಎಂಟು ವರ್ಷ. ಕಣ್ಣಿಲ್ಲದವನು ಅಷ್ಟು ಮೆಟ್ಟಿಲು ಹೇಗೆ ಹತ್ತಿಯಾನೆಂದು ಮರುಕ ಹುಟ್ಟಿ, ಯಾರೂ ಇಲ್ಲದಾಗ ಎರಡು ಚುಕ್ಕೆ ಇಟ್ಟುಬಿಟ್ಟೆ. ಮಾರನೆಯ ದಿನವೇ ತುಂಬು ಬಸುರಿಯಾಗಿದ್ದ ಅಮ್ಮನಿಗೆ ನೋವು ಶುರುವಾಯಿತು. ಮಗು ಅಡ್ಡ ನಿಂತಿದೆಯೆಂದು ಸೂಲಗಿತ್ತಿ ಕೈಚೆಲ್ಲಿದಳು. ಅಪ್ಪ ಗಾಡಿ ಕಟ್ಟಿ ಬೇಲೂರಿನ ಆಸ್ಪತ್ರೆಗೆ ಕರೆದೊಯ್ದ. ಎರಡು ದಿನ ಸುದ್ದಿಯಿಲ್ಲ. ನನಗೆ ತುತ್ತು ಇಳಿಯಲಿಲ್ಲ. ಯಾಕೆಂದು ಅತ್ತೆ ಮತ್ತೆ ಮತ್ತೆ ಕೇಳಿದಾಗ ಗೋಡೆ ತೋರಿಸಿ, ಅಳಿಸಿಬಿಡು ಎಂದು ಬಿಕ್ಕಿದೆ. ಹೊಡೆಯುತ್ತಾಳೆಂದುಕೊಂಡೆ. ಅವಳು ಗೋಡೆಯ ಹತ್ತಿರ ಹೋಗಿ ಆ ಕಣ್ಣುಗಳನ್ನು ನೋಡಿದಳು. ಆಮೇಲೆ ಬಿಳುಪು ಕಲಸಿಕೊಂಡು, ಜವರಾಯನ ಮುಂದೆ ಬೊಗಸೆ ಬರೆದು, ಮೇಲೆ ಬಗ್ಗಿಸಿದ ಕೊಡ ಬರೆದು, ನೀರಿನ ಗೆರೆ ಇಳಿಸಿದಳು.

"ನೀರು ಕುಡಿಯೋನು ಬೊಗಸೆ ನೋಡ್ತಾನೆ ಕಣೇ, ಯಾರನ್ನೂ ನೋಡಾಕಿಲ್ಲ. ಏಳು, ಉಣ್ಣು," ಎಂದಳು.

ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅಪ್ಪ ಬಂದ. ಚಪ್ಪಲಿ ಬಿಡುವ ಮೊದಲೇ, "ಹೆಣ್ಣು ಕಣಕ್ಕಾ. ಇಬ್ರೂ ಚೆನ್ನಾಗವ್ರೆ," ಎಂದ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆ ಹೊತ್ತಿಸಿದಳು. ಮುಂದೆ ಅವಳು ಇರುವವರೆಗೂ ಜವರಾಯ ಪ್ರತಿ ಸಂಕ್ರಾಂತಿಗೂ ನಮ್ಮ ಗೋಡೆಯಲ್ಲಿ ಕಣ್ಣು ಬಿಟ್ಟುಕೊಂಡು ನೀರು ಕುಡಿಯುತ್ತಲೇ ಇದ್ದ. ಈಗ ಅತ್ತೆಯೂ ಇಲ್ಲ, ಗೋಡೆಯೂ ಇಲ್ಲ. ಅಂದು ಹುಟ್ಟಿದ ತಂಗಿಯೇ ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದ್ದಾಳೆ.

ಅಪ್ಪ ಸುದ್ದಿ ತಂದ ಆ ರಾತ್ರಿ ಮುದ್ದೆ, ಅವರೆಕಾಳಿನ ಸಾರು. ನಾನು ಎರಡು ಮುದ್ದೆ ಉಂಡೆ. ಯಾವಾಗಲೂ ಕೊನೆಗೆ ಮಲಗುತ್ತಿದ್ದ ಅತ್ತೆ, ಉಂಡು ಕೈ ತೊಳೆದು ಬಂದವಳು ಆ ಗೋಡೆಗೇ ಒರಗಿ, ಎಲ್ಲರಿಗಿಂತ ಮೊದಲು ನಿದ್ದೆಹೋದಳು.