ಕುಬ್ಜೆ ದಾಟಿದ ಹೊತ್ತು

ಆ ಸಂಜೆ ವಂಡ್ಸೆಯ ನಮ್ಮ ಮನೆಯೆದುರಿನ ಗದ್ದೆಯಲ್ಲಿ ಇದ್ದದ್ದು ಮೂರೇ ಜನ. ನಾನು, ನನ್ನ ತಂಗಿಯ ಮಗಳು ವಸುಧಾ, ಮತ್ತೆ ನಮ್ಮ ಜೊತೆಯಲ್ಲೇ ಇರುವ ನನ್ನ ದೊಡ್ಡಮ್ಮ, ವಸುಧಾಳಿಗೆ ಅಮ್ಮಮ್ಮ. ಮೂರು ಕಾಲಿನ ಮೇಲೆ ನಿಂತಿದ್ದ ವಸುಧಾಳ ದೂರದರ್ಶಕವನ್ನು ನಾಲ್ಕನೆಯವರು ಎಂದು ಲೆಕ್ಕ ಹಿಡಿದರೂ ತಪ್ಪಿಲ್ಲ. ಅವಳು ಅದನ್ನು ಬಂದ ನೆಂಟರಿಗಿಂತ ಹೆಚ್ಚು ಉಪಚರಿಸುತ್ತಿದ್ದಳು.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವ ನಾನಾಗಿರಲಿಲ್ಲ. ಕುಂದಾಪುರದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಟೈಮ್ ಕೀಪರ್ ಆಗಿದ್ದವ. ಎರಡು ನಿಮಿಷದ ಹೆಚ್ಚುಕಡಿಮೆಗೆ ಕಂಡಕ್ಟರುಗಳು ಒಬ್ಬರ ಅಂಗಿ ಒಬ್ಬರು ಹಿಡಿಯುವುದನ್ನು ದಿನಾ ಕಂಡವ. ನನಗೆ ಕೈಗಡಿಯಾರ ಹೇಳಿದ್ದೇ ವೇದ. ಯಾರಾದರೂ ಪಿಶಾಚಿ ಕಂಡೆ ಎಂದರೆ, "ಎಷ್ಟ್ ಗಂಟಿಗೆ?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ಅಲ್ಲಿಗೇ ತಡವರಿಸುತ್ತಿದ್ದರು. ಈಗ ನಾನು ಹೇಳಹೊರಟದ್ದಕ್ಕೆ ಗಂಟೆಯೂ ಇದೆ, ನಿಮಿಷವೂ ಇದೆ. ನನ್ನ ಕಷ್ಟವೇ ಅದು.

ವಸುಧಾ ಬ್ರಹ್ಮಾವರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬೇರೆ ಬೇರೆ ಊರುಗಳಲ್ಲಿ ಕುಳಿತು ಆಕಾಶ ನೋಡುವವರ ಗುಂಪೊಂದಕ್ಕೆ ಅವಳೂ ಸೇರಿದ್ದಳು. ಅವಳ ಪಾಲಿಗೆ ಬಂದದ್ದು ಒಂದು ಕೆಂಪು ಕುಬ್ಜ ನಕ್ಷತ್ರ. ಬರಿಗಣ್ಣಿಗೆ ಕಾಣದಷ್ಟು ಮಂಕು. ಅದರ ಸುತ್ತ ಒಂದು ಗ್ರಹ ತಿರುಗುತ್ತದೆ. ಅದಂತೂ ದೂರದರ್ಶಕಕ್ಕೂ ಕಾಣುವುದಿಲ್ಲ. ಆದರೆ ಗ್ರಹ ನಕ್ಷತ್ರದ ಎದುರು ಹಾದುಹೋಗುವಾಗ, ಸುಮಾರು ಮುಕ್ಕಾಲು ಗಂಟೆ, ನಕ್ಷತ್ರದ ಬೆಳಕು ಒಂದು ಚೂರು ಇಳಿಯುತ್ತದೆ. ಆ ಇಳಿತವನ್ನು ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾದಲ್ಲಿ ಹಿಡಿಯಬೇಕು. ಅವಳು ಎರಡು ಸಲ ಸೋತಿದ್ದಳು. ಒಮ್ಮೆ ಮೋಡ, ಇನ್ನೊಮ್ಮೆ ಪಕ್ಕದ ಮನೆಯ ಮದುವೆಯ ದೀಪಗಳು. ಇದು ಮೂರನೆಯದು. ಮಳೆ ಹಿಡಿಯಲು ವಾರವೂ ಇರಲಿಲ್ಲ. ಈ ಸಲವೂ ತಪ್ಪಿದರೆ ನಕ್ಷತ್ರ ಬೇರೊಬ್ಬರ ಪಾಲಾಗುತ್ತಿತ್ತು. ಅದಕ್ಕೇ ನಮ್ಮೂರಿನ ಕತ್ತಲೆ ಹುಡುಕಿಕೊಂಡು ಬಂದಿದ್ದಳು.

ಗುಂಪಿನವರ ಲೆಕ್ಕದಂತೆ ಗ್ರಹ ಅಡ್ಡ ಬರುವುದು ಒಂಬತ್ತೂ ಐದಕ್ಕೆ. ನಮ್ಮಲ್ಲಿ ಮಧ್ಯಾಹ್ನದಿಂದ ಕರೆಂಟ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಒಂದೂವರೆ ಗಂಟೆಯ ಚಾರ್ಜು. ಹಾಗಾಗಿ ಎಲ್ಲ ಜೋಡಿಸಿಟ್ಟು, ಎಂಟೂ ಐವತ್ತಕ್ಕೆ ಶುರುಮಾಡುವುದೆಂದು ವಸುಧಾ ಅದನ್ನು ಮುಚ್ಚಿಟ್ಟಳು. ಹೊತ್ತಿಗೆ ಮೊದಲು ತೆರೆದರೆ ಕೊನೆಯ ಭಾಗಕ್ಕೆ ಚಾರ್ಜು ಸಾಲದು.

ಅಷ್ಟರಲ್ಲಿ ದೊಡ್ಡಮ್ಮ ಮಣೆ ಹಿಡಿದುಕೊಂಡು ಗದ್ದೆಗಿಳಿದು ಬಂದರು.

"ನೀ ಕಾಂಬುದ್ ಎಂತ್ರ ಹೆಣೆ?" ಎಂದು ವಸುಧಾಳನ್ನು ಕೇಳಿದರು.

"ಕುಬ್ಜ, ಅಮ್ಮಮ್ಮ. ಕೆಂಪು ಕುಬ್ಜ. ಅದ್ರ ಎದ್ರಂಗೆ ಒಂದ್ ಗ್ರಹ ದಾಟತ್ತ್."

"ಕುಬ್ಜೆ ಕೆಂಪ್ ಆಪುದ್ ಮಳಿಗಾಲ್ದಗೆ ಅಲ್ದಾ? ಈಗೆಂತಕ್ಕೆ ಕೆಂಪ್ ಆತ್ತ್?"

ನಾವಿಬ್ಬರೂ ನಕ್ಕುಬಿಟ್ಟೆವು. ದೊಡ್ಡಮ್ಮನ ತವರು ಕುಬ್ಜಾ ಹೊಳೆಯ ದಡದಲ್ಲಿ. ಅವರ ಕಿವಿಗೆ ಕುಬ್ಜ ಎಂದರೆ ಆ ಹೊಳೆ, ಕೆಂಪು ಎಂದರೆ ಮಳೆಗಾಲದ ಅದರ ಕೆಸರು ನೀರು.

"ಹೊಳಿ ಅಲ್ಲ ಅಮ್ಮಮ್ಮ, ನಕ್ಷತ್ರ. ದಾಟುದ್ ಗ್ರಹ."

"ಗ್ರಹವೋ ಗ್ರಾಚಾರವೋ! ದಾಟುಕೆ ಹೊರಟ್ರೆ ನಾ ಹೇಳ್ತೆ, ಸುಮ್ನೆ ಕೂಕಣಿ."

ಆ ಮಾತಿನ ಹಿಂದೆ ಒಂದು ಸಂಗತಿ ಇದೆ. ದೊಡ್ಡಮ್ಮ ಹುಡುಗಿಯಾಗಿದ್ದಾಗ ಅವರ ಅಪ್ಪ ಹೊಳೆಯ ಆಚೆಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಪಾತಿ ದೋಣಿಯಲ್ಲಿ ಮರಳುತ್ತಿದ್ದರಂತೆ. ದೋಣಿ ಆಚೆ ದಡ ಬಿಟ್ಟದ್ದನ್ನು ತಾಯಿಗೆ ಹೇಳುವುದು ಈ ಹುಡುಗಿಯ ಕೆಲಸ. ಹೇಳಿದ ಮೇಲೆಯೇ ಗಂಜಿ ಬಿಸಿ ಮಾಡುವುದು. ಕತ್ತಲಲ್ಲಿ ದೋಣಿ ಕಾಣದು. ಆದರೆ ನೀರಿಗೆ ಅಡ್ಡ ಏನಾದರೂ ಬಂದರೆ ಹೊಳೆಯ ದನಿ ಒಂದು ಚೂರು ಸಣ್ಣದಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಅವರ ಮಾತು ತಪ್ಪಿದ್ದಿಲ್ಲವಂತೆ. ನಾನಿದನ್ನು ನೂರು ಸಲ ಕೇಳಿದ್ದೆ, ನೂರು ಸಲವೂ ನಕ್ಕಿದ್ದೆ.

ದೊಡ್ಡಮ್ಮ ಮಣೆಯ ಮೇಲೆ ಕುಳಿತು, ಕೈ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದರು. ಆಕಾಶದ ಕಡೆ ತಲೆ ಎತ್ತಲೂ ಇಲ್ಲ. ಕೊಲ್ಲೂರು ರಸ್ತೆಯಲ್ಲಿ ಒಂದು ಬಸ್ಸು ಗೇರು ಬದಲಿಸಿ ಹೋಯಿತು. ನಿವೃತ್ತಿಯಾದರೂ ಅಭ್ಯಾಸ ಬಿಡುವುದಿಲ್ಲ, ಗಡಿಯಾರ ನೋಡಿದೆ. ಎಂಟೂ ಹದಿನೆಂಟು. ಮೂರು ನಿಮಿಷ ತಡ.

"ಹ್ವಾಯ್, ದೋಣಿ ಹಗ್ಗ ಬಿಚ್ತ್," ಎಂದರು ದೊಡ್ಡಮ್ಮ.

"ಇನ್ನೂ ಮುಕ್ಕಾಲ್ ಗಂಟಿ ಇತ್ತ್ ಅಮ್ಮಮ್ಮ," ಎಂದಳು ವಸುಧಾ.

"ನಿನ್ ಗಂಟಿ ಆಚಿ ದಡದವ್ಕೆ ಗೊತ್ತಿತ್ತಾ? ನಿನ್ ಮಿಷನ್ ಇನ್ನೂ ಮನಿಕಂಡಿತ್ತಲೆ, ಎಬ್ಸ್ ಅದನ್ನ!"

ದನಿಯಲ್ಲಿ ತಮಾಷೆ ಇರಲಿಲ್ಲ. ಗಂಜಿ ಬಿಸಿ ಮಾಡಲು ತಾಯಿಗೆ ಕೂಗುವ ಹುಡುಗಿಯ ಅವಸರ ಇತ್ತು. ಲೆಕ್ಕ ಲೆಕ್ಕವೇ, ಕಾಯುವ ಎಂದು ನಾನು ಹೇಳಿದೆ. ವಸುಧಾ ಒಮ್ಮೆ ನನ್ನ ಮುಖ, ಒಮ್ಮೆ ದೊಡ್ಡಮ್ಮನ ಮುಖ ನೋಡಿದಳು. ಈಗ ತೆರೆದು, ಗ್ರಹ ಲೆಕ್ಕದ ಹೊತ್ತಿಗೇ ಬಂದರೆ, ಅದು ಪೂರ್ತಿ ದಾಟುವ ಮೊದಲೇ ಚಾರ್ಜು ಮುಗಿಯುತ್ತದೆ. ಎರಡು ವರ್ಷದ ಶ್ರಮ ಹೋದಂತೆ. ಅದು ಗೊತ್ತಿದ್ದೂ ಅವಳು ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದಳು. ಯಾಕೆ ಒತ್ತಿದೆ ಎಂದು ಇವತ್ತಿಗೂ ಅವಳಿಗೆ ಹೇಳಲಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಬೆರಳೆತ್ತಿ, "ಸಣ್ಣ ಆಯ್ತ್ ಕಾಣ್," ಎಂದರು. ನಾನು ಕಿವಿಗೊಟ್ಟೆ. ಜೀರುಂಡೆಯ ದನಿ ಬಿಟ್ಟು ಬೇರೇನೂ ಇಲ್ಲ. ಆದರೂ ಕಿಸೆಯಲ್ಲಿದ್ದ ಚೀಟಿಯ ಮೇಲೆ ಬರೆದುಕೊಂಡೆ: 8.31. ಬಹಳ ಹೊತ್ತು ಅವರು ಹಾಗೆಯೇ ಕುಳಿತಿದ್ದರು. ಕೊನೆಗೆ ಉಸಿರು ಬಿಟ್ಟು, "ಈಚಿ ದಡಕ್ಕೆ ಬಂತ್," ಎಂದು ಎದ್ದು, ಮಣೆ ಎತ್ತಿಕೊಂಡು ಒಳಗೆ ಹೋದರು. 9.16.

ಕರೆಂಟ್ ಬಂದ ಮೇಲೆ ವಸುಧಾ ಅಂಕೆಗಳನ್ನು ಜೋಡಿಸಿದಳು. ಪರದೆಯ ಮೇಲೆ ಒಂದು ಗೆರೆ ಸಮನಾಗಿ ಬಂದು, ಇಳಿದು, ಸ್ವಲ್ಪ ದೂರ ಹಾಗೇ ಸಾಗಿ, ಮತ್ತೆ ಮೇಲೇರಿತು. ಇಳಿದದ್ದು ಎಂಟೂ ಮೂವತ್ತೊಂದಕ್ಕೆ. ಮೇಲೇರಿದ್ದು ಒಂಬತ್ತೂ ಹದಿನಾರಕ್ಕೆ. ನಾನು ಚೀಟಿ ತೆಗೆದು ತೋರಿಸಿದೆ. ಅವಳು ಅದನ್ನು ಮಗುಚಿಟ್ಟು ಮೊದಲಿನಿಂದ ಮತ್ತೊಮ್ಮೆ ಲೆಕ್ಕ ಹಾಕಿದಳು. ಅದೇ ನಿಮಿಷಗಳು. ಹಳೆಯ ಲೆಕ್ಕ ವರ್ಷದಿಂದ ವರ್ಷಕ್ಕೆ ಜಾರುತ್ತ ಬಂದು ಅರ್ಧ ಗಂಟೆಗಿಂತ ಹೆಚ್ಚು ತಪ್ಪಿತ್ತಂತೆ. ಅದನ್ನೇ ನಂಬಿ ಕೂತಿದ್ದರೆ ಅವಳು ಶುರುವನ್ನು ಕಳೆದುಕೊಳ್ಳುತ್ತಿದ್ದಳು. ಮುಂದೆ ಗುಂಪಿನ ಬೇರೆಯವರು ನೋಡಿದಾಗಲೂ ಅವಳ ಹೊತ್ತೇ ಸರಿ ಎಂದಾಯಿತು.

ಬೆಳಿಗ್ಗೆ ಆ ಗೆರೆಯನ್ನು ದೊಡ್ಡಮ್ಮನಿಗೆ ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು, "ಪಾತಿ ದೋಣಿ ಬರ್ದದ್ದಾ? ಒಳ್ಳೇದಾಯ್ತ್," ಎಂದು ದೋಸೆ ಹೊಯ್ಯಲು ಹೋದರು.

ಕಾಪಿ ಕುಡಿಯುತ್ತ ವಸುಧಾ ಇನ್ನೊಂದು ಮಾತು ಹೇಳಿದಳು. ನಾವು ನಿನ್ನೆ ಹಿಡಿದ ಬೆಳಕು ಆ ನಕ್ಷತ್ರವನ್ನು ಬಿಟ್ಟು ಅರವತ್ತು ವರ್ಷದ ಮೇಲಾಯಿತಂತೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಗ್ರಹ ನಿಜವಾಗಿ ದಾಟಿದಾಗ ದೊಡ್ಡಮ್ಮ ಕುಬ್ಜೆಯ ದಡದಲ್ಲಿ ಕಿವಿಗೊಟ್ಟು ಕೂತ ಹುಡುಗಿ. ಕಾಕತಾಳೀಯ ಎನ್ನಬಹುದು, ನಾನೂ ಎಷ್ಟೋ ಸಲ ಹಾಗೆಂದುಕೊಂಡಿದ್ದೇನೆ. ಆದರೆ ಒಂದು ನಿಮಿಷ ತಾಳೆಯಾದರೆ ಹಾಗೆನ್ನಬಹುದು. ಎರಡೂ ತಾಳೆಯಾದರೆ ಟೈಮ್ ಕೀಪರ್ ಆದವ ಏನೆನ್ನಬೇಕು?

ಆ ಮಳೆಗಾಲದಲ್ಲಿ ಒಂದು ಸಂಜೆ ದೊಡ್ಡಮ್ಮ ಜಗಲಿಯಲ್ಲಿ ಕೂತು ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಸುಲಿಯುತ್ತಿದ್ದರು. ಹೊರಗೆ ಜಡಿಮಳೆ, ಆಕಾಶವೆಂಬುದೇ ಇಲ್ಲ. ಇದ್ದಕ್ಕಿದ್ದಂತೆ ಅವರ ಕೈ ನಿಂತಿತು. "ದೋಣಿ ಹೊರಟ್ತ್ ಮಾಣಿ," ಎಂದರು ನನಗೆ. ಮತ್ತೆ ಕಡ್ಡಿ ಸುಲಿಯತೊಡಗಿದರು. ನಾನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ ಹೊತ್ತು ಬರೆದೆ.

ವಸುಧಾಳಿಗೆ ಹೇಳಿದರೆ ಹೊಸ ಲೆಕ್ಕ ಹಿಡಿದು, ಆ ಹೊತ್ತಿಗೆ ಗ್ರಹ ದಾಟಿತ್ತೋ ಇಲ್ಲವೋ ಎಂದು ಐದು ನಿಮಿಷದಲ್ಲಿ ಹೇಳಿಯಾಳು. ವರ್ಷ ಮುಗಿದಾಗ ನನ್ನವಳು ಹಳೆಯ ಕ್ಯಾಲೆಂಡರನ್ನು ಡಬ್ಬಿಗಳ ಅಡಿಗೆ ಹಾಸಲು ತೆಗೆದಳು. ಆ ತಿಂಗಳ ಹಾಳೆಯೊಂದನ್ನು ನಾನು ಕೇಳಿ ಇಸಿದುಕೊಂಡು, ಮಡಚಿ, ನನ್ನ ಹಳೆಯ ಟೈಮ್ ಪುಸ್ತಕದೊಳಗೆ ಇಟ್ಟೆ. ಅದು ಅಲ್ಲೇ ಇದೆ. ವಸುಧಾ ಅದಾದ ಮೇಲೆ ನಾಲ್ಕು ಸಲ ಮನೆಗೆ ಬಂದು ಹೋದಳು; ಆ ಪುಸ್ತಕವನ್ನು ನಾನು ಅವಳೆದುರು ತೆರೆದಿಲ್ಲ.